ದಮ್ಮಿನವರ ತಟ್ಟೆಯಲ್ಲಿ ಏನಿರಬೇಕು?



ನಮ್ಮ ಸಿದ್ದಾಪುರದ ಸುತ್ತ ಭತ್ತದ ಸೀಮೆ. ಬೀಡಿ, ಕಟ್ಟಿಗೆ ಒಲೆಯ ಹೊಗೆ, ವರ್ಷಗಟ್ಟಲೆ ನುಂಗಿದ ಧೂಳು, ಇವುಗಳಿಂದ ಶ್ವಾಸಕೋಶ ಕೆಟ್ಟವರ ತೋಳು ತೊಡೆ ಕರಗಿದರೆ ನಾವು ‘ವಯಸ್ಸಾಯಿತು’ ಎಂದು ಬಿಡುತ್ತೇವೆ. ವಯಸ್ಸೊಂದೇ ಅಲ್ಲ. ಅವರಿಗೆ ಉಸಿರೆಳೆಯಲಿಕ್ಕೇ ಹೆಚ್ಚು ಶಕ್ತಿ ಖರ್ಚು. ಉಂಡರೆ ದಮ್ಮು ಎಂದು ಊಟ ಕಡಿಮೆ, ನಡೆದರೆ ಏದುಸಿರು ಎಂದು ನಡಿಗೆಯೂ ಬಂದ್.

ಆಗ ಮಕ್ಕಳು ಪ್ರೋಟೀನ್ ಪುಡಿಯ ಡಬ್ಬಿ ತರುತ್ತಾರೆ, ಊಟಕ್ಕೆ ಮಾತ್ರ ಅದೇ ಗಂಜಿ! ಪುಡಿ ಕೆಟ್ಟದ್ದಲ್ಲ; ತೀರಾ ಸೊರಗಿದವರಿಗೆ ವೈದ್ಯರು ಹೇಳಿದರೆ ಕೊಡಿ. ಆದರೆ 50 ಕೆ.ಜಿ. ತೂಕದ ಇಂಥವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಹೆಸರುಕಾಳು ಅಥವಾ ಶೇಂಗಾದಲ್ಲಿ 20ಕ್ಕೂ ಮಿಕ್ಕಿ ಇದೆ. ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಿ. ಮೂತ್ರಪಿಂಡದ ತೊಂದರೆಯಿದ್ದವರು ಮೊದಲು ವೈದ್ಯರನ್ನು ಕೇಳಲಿ. ಜೊತೆಗೆ ದಿನಾ ಆದಷ್ಟು ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು ಬೇಕೇ ಬೇಕು; ದುಡಿಸದ ಸ್ನಾಯು ಬರೀ ಪುಡಿಯಿಂದ ಬೆಳೆಯದು.

ಕೆಮ್ಮಿ ಸೊರಗುವವರ ಕಫವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷಿಸುತ್ತಾರೆ. ಕ್ಷಯವಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ರಂಜಾನ್‌ನಲ್ಲಿ ಕಾಯಿಲೆಯವರಿಗೆ ರೋಜಾದಿಂದ ರಿಯಾಯಿತಿ ಇದೆ. ಹಿರಿಯರೇ ಹಠ ಹಿಡಿದರೆ ವೈದ್ಯರ ಜೊತೆಗೆ ಮೌಲಾನಾರಿಂದಲೂ ಒಂದು ಮಾತು ಹೇಳಿಸಿ.