ರೈಲು ಡಬ್ಬಿಗಳ ಕೊಂಡಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡದ ಅಧ್ಯಾಪಕನೊಬ್ಬನನ್ನು ಇಂತಹ ಸಮಾರಂಭದಲ್ಲಿ ಮಾತಿಗೆ ನಿಲ್ಲಿಸಿದರೆ ಅವನು ಪಂಪನನ್ನೋ ಹರಿಹರನನ್ನೋ ಶರಣರನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸುವುದು ಸಹಜವೇ ಆಗಿದೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಬೇರೆ. ರೈಲು ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸತಕ್ಕ ಕೊಂಡಿ, ಮತ್ತು ಆ ಕೊಂಡಿಯ ಬೆನ್ನಹಿಂದೆ ಕುಳಿತು ಧಕ್ಕೆಯನ್ನು ನುಂಗತಕ್ಕ ಸಾಧನ, ಇವೆರಡನ್ನು ಕುರಿತು ನನಗೆ ತಿಳಿದಷ್ಟನ್ನು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಈ ವಿಷಯವನ್ನು ನನ್ನ ತಲೆಯೊಳಗೆ ಹಾಕಿದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ. ಗೋಲಗುಮ್ಮಟವನ್ನು ತೋರಿಸಲೆಂದು ಮಕ್ಕಳನ್ನು ಸೊಲ್ಲಾಪುರದಿಂದ ವಿಜಯಪುರಕ್ಕೆ ರೈಲಿನಲ್ಲಿ ಕರೆದೊಯ್ಯುತ್ತಿದ್ದೆವು. ನಮ್ಮದು ಹಿಂಬದಿಯ ಡಬ್ಬಿ. ಗಾಡಿ ಹೊರಟಾಗ ಮುಂದಿನಿಂದ ‘ಖಟ್, ಖಟ್’ ಎಂಬ ಸಪ್ಪಳ ಸಾಲಾಗಿ ನಮ್ಮೆಡೆಗೆ ಬಂದು, ಕೊನೆಗೆ ನಮ್ಮ ಡಬ್ಬಿ ಒಮ್ಮೆ ಜಗ್ಗಿತು. ಆ ಹುಡುಗಿ ಕೇಳಿದಳು: “ಸರ್, ಎಂಜಿನ್ ಕಡೆ ಮೊದಲ ಸಪ್ಪಳ ಆತು, ನಾವು ಆಮ್ಯಾಲ ಜಗ್ಗಿದ್ವಿ. ಹಂಗಾದ್ರ ಗಾಡಿ ಎಲ್ಲಾ ಒಂದ ಅಲ್ಲೇನ್ರಿ?”

ನಾನು ಆಗ ಉತ್ತರಿಸಲಾರದೆ ಹೋದೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿಯೇ ಸಮಾಧಾನ ಹೇಳುವುದು ನನ್ನ ಕರ್ತವ್ಯವೆಂದೆಣಿಸಿ, ಗ್ರಂಥಗಳನ್ನು ನೋಡಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಆ ಉತ್ತರವೇ ಇಂದಿನ ಭಾಷಣ.

ರೈಲುಗಾಡಿಯು ಒಂದೂ ಹೌದು, ಹಲವೂ ಹೌದು. ಎಳೆಯುವಾಗ ಅದು ಒಂದಾಗಿರಬೇಕು. ಧಕ್ಕೆ ತಗುಲಿದಾಗ ಹಲವಾಗಿ ಅದನ್ನು ಹಂಚಿಕೊಳ್ಳಬೇಕು. ಡಬ್ಬಿಗಳನ್ನು ಉಕ್ಕಿನ ದಂಡದಿಂದ ಸ್ವಲ್ಪವೂ ಅಲುಗದಂತೆ ಬಿಗಿದುಬಿಟ್ಟರೆ ಒಂದರ ಪೆಟ್ಟು ಇನ್ನೊಂದಕ್ಕೆ ನೇರವಾಗಿ ಮುಟ್ಟುವುದು. ಸಡಿಲವಾದ ಸರಪಳಿಯಿಂದ ಕಟ್ಟಿದರೆ ಪ್ರತಿ ಸಲವೂ ಸರಪಳಿ ಜಗ್ಗಿ, ಡಬ್ಬಿಗಳು ಡಿಕ್ಕಿ ಹೊಡೆದು, ಒಳಗಿದ್ದವರ ಎಲುಬು ಸಡಿಲುವುದು. ಈ ಎರಡರ ನಡುವೆ ಒಂದು ಹದವನ್ನು ಹುಡುಕಿದ ಕಥೆಯೇ ಕೊಂಡಿಯ ಕಥೆ.

ಧಕ್ಕೆಯೆಂದರೇನೆಂಬುದನ್ನು ಮೊದಲು ನೋಡೋಣ. ನಮ್ಮ ಮಾರುಕಟ್ಟೆಯಲ್ಲಿ ಲಾರಿಯ ಮೇಲಿನಿಂದ ಬೀಳುವ ಜೋಳದ ಚೀಲವನ್ನು ಹಮಾಲನು ಬೆನ್ನೊಡ್ಡಿ ಹಿಡಿಯುವುದನ್ನು ತಾವು ಕಂಡಿದ್ದೀರಿ. ಅವನು ಸೆಟೆದು ನಿಲ್ಲುವುದಿಲ್ಲ; ಚೀಲ ತಾಗುತ್ತಲೇ ಮೊಣಕಾಲನ್ನು ಬಾಗಿಸಿ, ಚೀಲದೊಡನೆ ತಾನೂ ತುಸು ಕೆಳಗೆ ಸರಿಯುತ್ತಾನೆ. ಭಾರ ಕಡಿಮೆಯಾಗಲಿಲ್ಲ, ಅದು ನಿಲ್ಲುವುದಕ್ಕೆ ತಕ್ಕ ಜಾಗ ದೊರೆಯಿತು. ಎಷ್ಟು ದೂರದಲ್ಲಿ ನಿಲ್ಲಿಸುತ್ತೇವೆಯೋ ಅದಕ್ಕೆ ತಕ್ಕಂತೆ ಪೆಟ್ಟು ಕಡಿಮೆಯಾಗುತ್ತದೆ. ಕೊಂಡಿಯ ಶಾಸ್ತ್ರವೆಲ್ಲ ಈ ಹಮಾಲನ ಮೊಣಕಾಲಿನಲ್ಲಿದೆ.

ಲೆಕ್ಕವನ್ನೂ ಹೇಳುತ್ತೇನೆ. ಕಲ್ಲಿದ್ದಲು ತುಂಬಿದ ಒಂದು ವ್ಯಾಗನ್ ಸುಮಾರು 81 ಟನ್ ತೂಗುತ್ತದೆ. ಅದು ಗಂಟೆಗೆ 5 ಕಿಲೊಮೀಟರ್ ವೇಗದಲ್ಲಿ, ಎಂದರೆ ನಾವು ಸಂತೆಗೆ ನಡೆದು ಹೋಗುವ ವೇಗದಲ್ಲಿ, ಅಲುಗಾಡದ ಅಡ್ಡವೊಂದಕ್ಕೆ ತಗುಲಿತೆನ್ನಿ. ಅದರ ಚಲನೆಯಲ್ಲಿ ಅಡಗಿರುವ ಶಕ್ತಿ, 800 ಕಿಲೊ ಭಾರವನ್ನು 10 ಮೀಟರ್ ಎತ್ತರಕ್ಕೆ ಎತ್ತುವುದಕ್ಕೆ ಬೇಕಾದಷ್ಟು. ಅದನ್ನು 1 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಸರಾಸರಿ 800 ಟನ್ನಿನ ಒತ್ತಡ ಹುಟ್ಟುತ್ತದೆ. 8 ಸೆಂಟಿಮೀಟರ್ ಜಾಗ ಕೊಟ್ಟರೆ ಅದೇ ಒತ್ತಡ 100 ಟನ್ನಿಗೆ ಇಳಿಯುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬುದನ್ನೂ ಮರೆಯಬಾರದು. ನಡಿಗೆಯ ವೇಗವನ್ನು ಓಟದ ವೇಗವಾಗಿಸಿದ ಮಾತ್ರಕ್ಕೆ ಉಕ್ಕು ಬಾಗಬಹುದು, ಸರಕು ಒಡೆಯಬಹುದು.

ಇನ್ನು ಚರಿತ್ರೆ. ಇಂಗ್ಲೆಂಡಿನಲ್ಲಿ 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ ರೈಲು ಓಡತೊಡಗಿದಾಗ ಡಬ್ಬಿಗಳನ್ನು ಸರಪಳಿಯಿಂದ ಕಟ್ಟುತ್ತಿದ್ದರು. ಗಾಡಿ ಹೊರಟರೆ ಜಗ್ಗು, ನಿಂತರೆ ಡಿಕ್ಕಿ. ಅದೇ ರೈಲ್ವೆಯ ಅಧಿಕಾರಿಯಾಗಿದ್ದ ಹೆನ್ರಿ ಬೂತ್ ಎಂಬಾತನು 1836ರಲ್ಲಿ ತಿರುಪಿನ ಕೊಂಡಿಗೆ ಪೇಟೆಂಟ್ ಪಡೆದನು. ಒಂದು ಡಬ್ಬಿಯ ಕೊಂಡಿಯನ್ನು ಮತ್ತೊಂದರ ಕೊಕ್ಕೆಗೆ ತೊಡಿಸಿ, ನಡುವಿನ ತಿರುಪನ್ನು ತಿರುವಿದರೆ ಎರಡೂ ಹತ್ತಿರ ಬರುತ್ತವೆ. ಎರಡು ಬದಿಗಳಲ್ಲಿರುವ ಸ್ಪ್ರಿಂಗಿನ ಬಫರುಗಳು ಪರಸ್ಪರ ಒತ್ತಿಕೊಳ್ಳುತ್ತವೆ. ಎಳೆಯುವುದು ತಿರುಪಿನ ಕೆಲಸ, ತಳ್ಳಿದಾಗ ತಡೆಯುವುದು ಬಫರಿನ ಕೆಲಸ. ಎರಡೂ ಸದಾ ಬಿಗಿಯಾಗಿರುವುದರಿಂದ ಜಗ್ಗಾಟವು ಬಹುಮಟ್ಟಿಗೆ ಶಮನವಾಯಿತು. ಈ ಏರ್ಪಾಟು ಯೂರೋಪಿನಲ್ಲೆಲ್ಲ ಹಬ್ಬಿ, ನಮ್ಮ ದೇಶದ ಬ್ರಾಡ್‌ಗೇಜ್ ಗಾಡಿಗಳಿಗೂ ಬಂದಿತು.

ಆದರೆ ಇದರಲ್ಲಿ ಒಂದು ದೊಡ್ಡ ಕೊರತೆ. ಕೊಂಡಿಯನ್ನು ತೊಡಿಸಬೇಕಾದರೆ ಮನುಷ್ಯನೊಬ್ಬನು ಎರಡು ಡಬ್ಬಿಗಳ ನಡುವೆ ಇಳಿಯಲೇಬೇಕು.

ಅಮೆರಿಕದಲ್ಲಿ ಈ ಕೊರತೆ ಇನ್ನೂ ಘೋರವಾಗಿತ್ತು. ಅಲ್ಲಿ ಕಬ್ಬಿಣದ ಒಂದು ಬಳೆ, ಒಂದು ಗೂಟ, ಇಷ್ಟೇ ಕೊಂಡಿ. ವ್ಯಾಗನ್ ಚಲಿಸುತ್ತ ಬರುತ್ತಿರುವಾಗಲೇ ನೌಕರನು ನಡುವೆ ನಿಂತು ಬಳೆಯನ್ನು ಕೈಯಿಂದ ಹಿಡಿದು ಎದುರಿನ ಬಾಯಿಯೊಳಗೆ ತೂರಿಸಿ, ಮೇಲಿನಿಂದ ಗೂಟವನ್ನು ಇಳಿಬಿಡಬೇಕು. ಒಂದು ಕ್ಷಣ ತಡವಾದರೆ ಬೆರಳು ಹೋಯಿತು, ಕೈ ಹೋಯಿತು. ಹೆಜ್ಜೆ ತಪ್ಪಿದರೆ ಜೀವವೇ ಹೋಯಿತು. ವರ್ಷಕ್ಕೆ ಸಾವಿರಾರು ಮಂದಿ ಹೀಗೆ ಅಂಗಹೀನರಾಗುತ್ತಿದ್ದರು. ಕೆಲಸ ಕೇಳಲು ಬಂದವನ ಅನುಭವವನ್ನು ಅವನ ಕೈಯಲ್ಲಿ ಇಲ್ಲದ ಬೆರಳುಗಳಿಂದ ಅಳೆಯುತ್ತಿದ್ದರೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ.

ಈ ದುಃಖಕ್ಕೆ ಪರಿಹಾರವನ್ನು ಇಬ್ಬರು ತಂದರು. ಒಬ್ಬನು ವರ್ಜೀನಿಯದ ಈಲೈ ಜ್ಯಾನಿ. ಈತನು ಯಂತ್ರಶಿಲ್ಪಿಯಲ್ಲ, ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. 1873ರಲ್ಲಿ ಈತನು ಪೇಟೆಂಟ್ ಪಡೆದ ಕೊಂಡಿಯ ರೂಪವನ್ನು ತಿಳಿಯಬೇಕಾದರೆ ತಮ್ಮ ಎರಡು ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಒಂದಕ್ಕೊಂದು ಸಿಕ್ಕಿಸಿ ನೋಡಿರಿ. ತೆರೆದಿರುವ ಉಕ್ಕಿನ ಬೆರಳು ಎದುರಿನದಕ್ಕೆ ತಾಗಿದೊಡನೆ ಮಡಚಿಕೊಳ್ಳುತ್ತದೆ. ಒಳಗಿನ ಬೀಗ ತಾನಾಗಿ ಬೀಳುತ್ತದೆ. ಬಿಡಿಸಬೇಕಾದರೆ ಬದಿಯಲ್ಲಿ ನಿಂತು ಹಿಡಿಯನ್ನು ಎತ್ತಿದರೆ ಸಾಕು.

ಮತ್ತೊಬ್ಬನು ಐಯೋವಾ ಪ್ರಾಂತದ ರೈತ ಲೊರೆಂಜೊ ಕಾಫಿನ್. 1870ರ ದಶಕದಲ್ಲಿ ನೌಕರನೊಬ್ಬನ ಬೆರಳುಗಳು ಕೊಂಡಿಯಲ್ಲಿ ಜಜ್ಜಿಹೋದುದನ್ನು ಕಣ್ಣಾರೆ ಕಂಡು, ಅಂದಿನಿಂದ ಆತನು ಊರೂರು ತಿರುಗಿ, ಪತ್ರ ಬರೆದು, ಸಭೆಗಳಲ್ಲಿ ಮೊರೆಯಿಟ್ಟನು. ಕೊನೆಗೆ 1893ನೆಯ ಮಾರ್ಚ್ 2ರಂದು ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಅಂಕಿತದೊಡನೆ ಶಾಸನವೊಂದು ಹೊರಟಿತು. ಮನುಷ್ಯರು ನಡುವೆ ಇಳಿಯದೆಯೇ ಕೂಡಿಸಿ ಬಿಡಿಸಬಲ್ಲ ಸ್ವಯಂಚಾಲಿತ ಕೊಂಡಿ ಇಲ್ಲದ ಗಾಡಿಯನ್ನು ಓಡಿಸಕೂಡದೆಂದು ಅದು ವಿಧಿಸಿತು. ಕೊಂಡಿಗೆ ಪೇಟೆಂಟ್ ದೊರೆತದ್ದು 1873ರಲ್ಲಿ, ಶಾಸನ ಪೂರ್ಣವಾಗಿ ಜಾರಿಗೆ ಬಂದದ್ದು 1900ರಲ್ಲಿ. ನಡುವಣ 27 ವರ್ಷಗಳಲ್ಲಿ ಹೋದ ಕೈಗಳನ್ನು ಯಾವ ಯಂತ್ರವೂ ಮರಳಿ ಕೊಡಲಿಲ್ಲ. ಉಪಾಯ ಗೊತ್ತಿದ್ದ ಮಾತ್ರಕ್ಕೆ ಜನ ಉಳಿಯುವುದಿಲ್ಲ. ಅದನ್ನು ಬಳಕೆಗೆ ತರುವಂತೆ ಒತ್ತಾಯಿಸುವವರೂ ಬೇಕು.

ಕೈ ಉಳಿಯಿತು, ಧಕ್ಕೆಯ ಪ್ರಶ್ನೆ ಉಳಿದೇ ಇತ್ತು. ಗಾಡಿಗಳು ಉದ್ದವಾದಂತೆಲ್ಲ ಸ್ಪ್ರಿಂಗಿನ ಒಂದು ದೋಷ ಎದ್ದುಕಂಡಿತು. ಸ್ಪ್ರಿಂಗು ಬಹಳ ಪ್ರಾಮಾಣಿಕವಾದ ಸಾಲಗಾರ. ಪಡೆದುದೆಲ್ಲವನ್ನೂ ಒಡನೆಯೇ ಹಿಂದಕ್ಕೆ ಕೊಟ್ಟುಬಿಡುತ್ತದೆ. ಒತ್ತಿದಾಗ ಕುಗ್ಗಿದ ಅದು ಮರುಕ್ಷಣದಲ್ಲಿ ಪುಟಿದು ಡಬ್ಬಿಯನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತಾರು ಡಬ್ಬಿಗಳ ಸ್ಪ್ರಿಂಗುಗಳು ಹೀಗೆ ಪುಟಿದರೆ ಧಕ್ಕೆಯು ಗಾಡಿಯ ತುದಿಯಿಂದ ತುದಿಗೆ ಅಲೆಯಂತೆ ಓಡಾಡುತ್ತದೆ.

ಗಾಳಿಯ ಬ್ರೇಕನ್ನು ಕಂಡುಹಿಡಿದ ಜಾರ್ಜ್ ವೆಸ್ಟಿಂಗ್‌ಹೌಸ್ ಇದಕ್ಕೂ ಒಂದು ಮಾರ್ಗವನ್ನು ತೋರಿದನು. 1888ರಲ್ಲಿ ಆತನು ಘರ್ಷಣೆಯಿಂದ ಧಕ್ಕೆಯನ್ನು ನುಂಗುವ ಸಾಧನಕ್ಕೆ ಪೇಟೆಂಟ್ ಪಡೆದನು. ಇಂತಹ ಸಾಧನವನ್ನು ‘ಡ್ರಾಫ್ಟ್ ಗೇರ್’ ಎಂದು ಕರೆಯುತ್ತಾರೆ. ನಾವು ‘ಧಕ್ಕೆನುಂಗಿ’ ಎಂದುಕೊಳ್ಳಬಹುದು. ಕೊಂಡಿಯ ಹಿಂದಿನ ಪೆಟ್ಟಿಗೆಯಲ್ಲಿ ಸ್ಪ್ರಿಂಗಿನೊಡನೆ ಉಕ್ಕಿನ ಬೆಣೆಗಳೂ ಫಲಕಗಳೂ ಇರುತ್ತವೆ. ಧಕ್ಕೆ ಬಂದಾಗ ಬೆಣೆಗಳು ಫಲಕಗಳನ್ನು ಬಿಗಿಯಾಗಿ ಉಜ್ಜುತ್ತ ಒಳಸರಿಯುತ್ತವೆ. ಚಳಿಗಾಲದ ಮುಂಜಾವಿನಲ್ಲಿ ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುವುದಷ್ಟೆ. ಹಾಗೆಯೇ ಇಲ್ಲಿಯೂ ಧಕ್ಕೆಯ ಶಕ್ತಿಯ ಹೆಚ್ಚಿನ ಪಾಲು ಬಿಸಿಯಾಗಿ ಕರಗಿಹೋಗುತ್ತದೆ. ಉಳಿದ ಸ್ವಲ್ಪ ಪಾಲಿನಿಂದ ಸ್ಪ್ರಿಂಗು ಬೆಣೆಗಳನ್ನು ಮೊದಲಿನ ಸ್ಥಾನಕ್ಕೆ ತರುತ್ತದೆ. ಇಂದು ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ರಬ್ಬರಿನಂತಹ ಪದಾರ್ಥಗಳನ್ನೂ, ಎಣ್ಣೆಯನ್ನು ಕಿರಿದಾದ ರಂಧ್ರದ ಮೂಲಕ ನುಗ್ಗಿಸುವ ಉಪಾಯವನ್ನೂ ಬಳಸುತ್ತಾರೆ. ತತ್ತ್ವ ಒಂದೇ: ಪೆಟ್ಟನ್ನು ಹಿಂದಿರುಗಿಸಬಾರದು, ಅರಗಿಸಿಕೊಳ್ಳಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಸೊಲ್ಲಾಪುರಕ್ಕೆ ಮುಂಬಯಿಯ ಕಡೆಯಿಂದ ಬ್ರಾಡ್‌ಗೇಜ್ ರೈಲು ಬಂದುದು 1860ರಲ್ಲಿ. 1884ರಲ್ಲಿ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಮೀಟರ್‌ಗೇಜ್ ದಾರಿಯಾಯಿತು. ಆ ದಾರಿ ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ನಮ್ಮ ಭಾಗದ ಜನ ಎರಡು ಬಗೆಯ ಕೊಂಡಿಗಳನ್ನೂ ಕಂಡಿದ್ದರು. ದೊಡ್ಡ ಗಾಡಿಯ ಡಬ್ಬಿಗೆ ಎರಡು ಬದಿಗಳಲ್ಲಿ ಎರಡು ಬಫರು, ನಡುವೆ ತಿರುಪು. ಸಣ್ಣ ಗಾಡಿಯ ಡಬ್ಬಿಗೆ ನಡುವೆ ಒಂದೇ ಬಫರು, ಅಲ್ಲಿಯೇ ಕೊಕ್ಕೆ. ಬಾಲ್ಯದಲ್ಲಿ ನಾನು ಅವನ್ನು ‘ಎರಡು ಕಣ್ಣಿನ ಗಾಡಿ’, ‘ಒಂದು ಕಣ್ಣಿನ ಗಾಡಿ’ ಎಂದು ಕರೆಯುತ್ತಿದ್ದೆ.

ಇಂದು ಸರಕಿನ ಗಾಡಿಗಳಲ್ಲಿ ಜ್ಯಾನಿಯ ವಂಶದ ನಡುಕೊಂಡಿಯೇ ಇದೆ. ಪ್ರಯಾಣಿಕರ ಡಬ್ಬಿಗಳಲ್ಲಿ, 1955ರಲ್ಲಿ ಪೆರಂಬೂರಿನಲ್ಲಿ ಆರಂಭವಾದ ಕಾರ್ಖಾನೆಯ ಹಳೆಯ ಮಾದರಿಗೆ ತಿರುಪಿನ ಕೊಂಡಿಯೂ ಬದಿಯ ಬಫರುಗಳೂ ಇದ್ದವು. ಆ ಮಾದರಿಯ ತಯಾರಿಕೆ 2018ರಲ್ಲಿ ನಿಂತಿತು. ಹಿಂದೆ ತಯಾರಾದವುಗಳಲ್ಲಿ ಹಲವು ಇನ್ನೂ ಓಡುತ್ತಿವೆ. ಜರ್ಮನಿಯಿಂದ ಬಂದ ಎಲ್.ಎಚ್.ಬಿ. ಮಾದರಿಯ ಡಬ್ಬಿಗಳಲ್ಲಿ ನಡುಕೊಂಡಿಯಿದೆ. ಅದರ ಹಿರಿದಾದ ಗುಣವೆಂದರೆ, ಅಪಘಾತವಾದಾಗ ಒಂದು ಡಬ್ಬಿ ಮತ್ತೊಂದರ ಮೇಲೆ ಹತ್ತದಂತೆ ಅದು ಬಿಗಿಯಾಗಿ ಹಿಡಿದುಕೊಳ್ಳುವುದು. ಡಬ್ಬಿಯ ಮೇಲೆ ಡಬ್ಬಿ ಹತ್ತಿದಾಗಲೇ ಹೆಚ್ಚು ಜನ ಸಾಯುವುದರಿಂದ ಇದು ಸಾಮಾನ್ಯ ಲಾಭವಲ್ಲ. ಆದರೂ ಆರಂಭದಲ್ಲಿ ಈ ಡಬ್ಬಿಗಳು ಹೊರಡುವಾಗ, ನಿಲ್ಲುವಾಗ ಬಹಳ ಜಗ್ಗುತ್ತವೆಂದು ಪ್ರಯಾಣಿಕರು ದೂರಿದರು. ಹಿಡಿತ ಚೆನ್ನಾಗಿತ್ತು, ಅದರ ಬೆನ್ನಿನ ಧಕ್ಕೆನುಂಗಿಯ ಹದ ಸಾಲದಾಗಿತ್ತು. ಬಳಿಕ ಸುಧಾರಿಸಿದ ಸಾಧನಗಳನ್ನು ಅಳವಡಿಸುತ್ತ ಬಂದರು. 2023ರ ಫೆಬ್ರವರಿಯಲ್ಲಿ ಸೊಲ್ಲಾಪುರ–ಮುಂಬಯಿ ನಡುವೆ ಆರಂಭವಾದ ವಂದೇ ಭಾರತ್ ಗಾಡಿಯಲ್ಲಿ ಡಬ್ಬಿಗಳನ್ನು ಕಾರ್ಯಾಗಾರದಲ್ಲಿ ಮಾತ್ರ ಬಿಡಿಸತಕ್ಕ ಅರೆಶಾಶ್ವತ ಕೊಂಡಿಗಳಿಂದ ಜೋಡಿಸಿದ್ದಾರೆ. ಅಲ್ಲಿ ಸಡಿಲವು ಅತ್ಯಲ್ಪ.

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 58 ವ್ಯಾಗನುಗಳ ಸರಕುಗಾಡಿಯಲ್ಲಿ 57 ಸಂದುಗಳು. ಒಂದೊಂದು ಸಂದು 10 ಸೆಂಟಿಮೀಟರಿನಷ್ಟು ಹಿಗ್ಗುವುದೆಂದು ಎಣಿಸಿದರೂ ಮೊದಲನೆಯ ವ್ಯಾಗನ್ ಸುಮಾರು ಐದೂಮುಕ್ಕಾಲು ಮೀಟರ್ ಸರಿದ ಮೇಲೆಯೇ ಕೊನೆಯದು ಕದಲುತ್ತದೆ. ನಮ್ಮ ಪ್ರಯಾಣಿಕರ ಗಾಡಿಯಲ್ಲಿ ಇದು ಬಹಳ ಕಡಿಮೆ. ಆದರೂ ಕ್ರಮ ಅದೇ. ಉಗಿಬಂಡಿಯ ಕಾಲದಲ್ಲಿ ಭಾರವಾದ ಗಾಡಿಯ ಚಾಲಕನು ಮೊದಲು ತುಸು ಹಿಂದಕ್ಕೆ ಒತ್ತಿ, ಆಮೇಲೆ ಮುಂದಕ್ಕೆ ಎಳೆಯುತ್ತಿದ್ದನು. ಹಾಗೆ ಮಾಡಿದರೆ ಎಲ್ಲ ವ್ಯಾಗನುಗಳ ಭಾರವೂ ಒಮ್ಮೆಗೇ ಬೀಳದೆ ಒಂದೊಂದಾಗಿ ಬೀಳುತ್ತಿತ್ತು. ಸಡಿಲವು ದೋಷವೆಂದು ನಾವು ತಿಳಿದುದು ಎಂಜಿನ್ನಿಗೆ ಸಹಾಯವೂ ಆಗಿತ್ತು. ಅತಿಯಾದಾಗ ಮಾತ್ರ ಅದು ಕೊಂಡಿಯನ್ನು ಮುರಿಯುತ್ತಿತ್ತು.

ಮುಗಿಸುವ ಮುನ್ನ ಒಂದು ಮಾತು. 2024ರ ನವೆಂಬರಿನಲ್ಲಿ ಬಿಹಾರದ ಬರೌನಿ ಜಂಕ್ಷನ್ನಿನಲ್ಲಿ ಎಂಜಿನ್ನನ್ನು ಡಬ್ಬಿಯಿಂದ ಬಿಡಿಸುತ್ತಿದ್ದ ನೌಕರರೊಬ್ಬರು ಅವೆರಡರ ನಡುವೆ ಸಿಕ್ಕಿ ಪ್ರಾಣಬಿಟ್ಟರು. ಅಮೆರಿಕದ ಆ ಶಾಸನವಾಗಿ 131 ವರ್ಷಗಳಾಗಿದ್ದವು. ನಡುಕೊಂಡಿ ಬಂದಲ್ಲಿಯೂ ಬ್ರೇಕಿನ ಗಾಳಿಕೊಳವೆಗಳನ್ನು ಜೋಡಿಸಲು ಮನುಷ್ಯನು ಒಳಗೆ ಹೋಗಬೇಕಾಗುತ್ತದೆ. ಅವನು ಹೊರಬಂದನೆಂದು ಖಚಿತವಾಗುವವರೆಗೆ ಗಾಡಿ ಕದಲಕೂಡದೆಂಬ ಎಚ್ಚರವನ್ನು ಯಾವ ಉಕ್ಕೂ ತಾನಾಗಿ ಕೊಡಲಾರದು. ಅದು ಮನುಷ್ಯರೇ ಮನುಷ್ಯರಿಗೆ ಸಲ್ಲಿಸತಕ್ಕ ಋಣ. ನಿಲ್ದಾಣದಲ್ಲಿ ಎಂಜಿನ್ ಬದಲಿಸುವಾಗ ಮಕ್ಕಳು ಕುತೂಹಲದಿಂದ ಅಂಚಿಗೆ ಹೋಗಿ ನಿಲ್ಲುತ್ತಾರೆ. ದೂರದಿಂದ ನೋಡುವಂತೆ ಅವರಿಗೆ ತಾವು ಹೇಳಬೇಕು. ಒಳಗಿರುವವನು ಯಾರು, ಅವನ ಕೆಲಸವೇನು ಎಂಬುದನ್ನೂ ಹೇಳಬೇಕು.

ಗಡಿಯಲ್ಲಿರುವ ನಮಗೆ ಈ ಕೊಂಡಿಯ ಮಾತು ಹೊಸದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಎರಡು ಕಡೆಯ ಎಳೆತವನ್ನೂ ತಾಳಿಕೊಂಡು ತಲೆಮಾರುಗಳಿಂದ ಬಾಳಿದ್ದೇವೆ. ಹಿಡಿತವನ್ನು ಬಿಡದೆ, ಬಂದ ಪೆಟ್ಟನ್ನು ಹಿಂದಿರುಗಿಸದೆ ನಡೆದ ಹಿರಿಯರ ಹದವೇ ಈ ಸಂಘವನ್ನು ಇಲ್ಲಿಯವರೆಗೆ ತಂದಿದೆ.

ಆ ಹುಡುಗಿಗೆ ನಾನು ಇಷ್ಟನ್ನು ಹೇಳಿ ಮುಗಿಸಿದಾಗ ಅವಳು ಮತ್ತೆ ಕೇಳಿದಳು: “ಹಂಗಾದ್ರ ಸರ್, ಆ ಬಿಸಿ ಎಲ್ಲಿ ಹೋಗತದ್ರಿ?” ಅದಕ್ಕೆ ಉತ್ತರವನ್ನು ಮುಂದಿನ ತರಗತಿಯಲ್ಲಿ ವಿಜ್ಞಾನದ ಅಧ್ಯಾಪಕರು ಕನ್ನಡದಲ್ಲಿಯೇ ಹೇಳುವರೆಂದು ಒಪ್ಪಿಸಿ ಬಂದಿದ್ದೇನೆ.