ಅರಿಕುಠಾರದ ವಂಶದ ಹುಡುಗ, ವಾಟರ್‌ಲೂ ಗೆದ್ದ ದಂಡನಾಯಕ

ಚಾಮರಾಜನಗರದವರಿಗೆ ಗೊತ್ತಿರುತ್ತೆ, ಊರಿನ ಹಳೇ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲೇ. 1818ರಲ್ಲಿ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಅಪ್ಪನ ಹೆಸರಿಟ್ಟರು.

ಆದರೆ ಆ ಮಗನಿಗೆ ಸಿಂಹಾಸನ ಸಿಕ್ಕಿದ್ದು ಹೇಗೆ? ಅಲ್ಲಿ ಬರ್ತಾನೆ ನಮ್ಮ ಇವತ್ತಿನ ಕಥಾನಾಯಕ, ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ ನೆಪೋಲಿಯನ್‌ನನ್ನೇ ಸೋಲಿಸಿದವನು, ಬ್ರಿಟನ್ನಿನ ಪ್ರಧಾನಿ ಆದವನು.

1769ರಲ್ಲಿ ಐರ್ಲೆಂಡಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದ. ಆಗ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ ಹುದ್ದೆಯನ್ನ ದುಡ್ಡು ಕೊಟ್ಟೇ ಕೊಳ್ಳಬಹುದಿತ್ತು. ಇವನೂ ಕೊಂಡ. ಭಾರತಕ್ಕೆ ಬಂದ ಮೇಲೆ ಅಣ್ಣ ರಿಚರ್ಡ್ ಇಲ್ಲಿ ಗವರ್ನರ್ ಜನರಲ್ ಆದ.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿಗೆ ದಾಳಿಗೆ ಹೋದ. ಕತ್ತಲಲ್ಲಿ ದಾರಿ ತಪ್ಪಿತು, ಟಿಪ್ಪು ಸೈನಿಕರು ಹಿಮ್ಮೆಟ್ಟಿಸಿದರು. ಹಗಲು ನೋಡದ ಜಾಗಕ್ಕೆ ರಾತ್ರಿ ನುಗ್ಗಬಾರದು ಅನ್ನೋ ಪಾಠ ಕಲಿತ.

ಮೇ 4ಕ್ಕೆ ಕೋಟೆ ಬಿತ್ತು. ಮುಂದೆ ನಿಂತು ಕೋಟೆಗೆ ನುಗ್ಗಿದ್ದು ಜನರಲ್ ಬೇರ್ಡ್. ಆದರೆ ಮರುದಿನವೇ ಪಟ್ಟಣದ ಉಸ್ತುವಾರಿ ಸಿಕ್ಕಿದ್ದು ವೆಲ್ಲೆಸ್ಲಿಗೆ. ಬೇರ್ಡ್‌ಗೆ ಎಷ್ಟು ಸಿಟ್ಟು ಬಂದಿರಬೇಡ! ಮೈಸೂರಿನ ವ್ಯವಸ್ಥೆ ನೋಡೋಕೆ ಐದು ಜನರ ಸಮಿತಿ ಆಯ್ತು. ಅದರಲ್ಲಿ ಆರ್ಥರ್ ಒಬ್ಬ, ಅವನ ತಮ್ಮ ಹೆನ್ರಿ ಇನ್ನೊಬ್ಬ. ಮೇಲೆ ಅಣ್ಣ. ಒಂದೇ ಮನೆಯ ಮೂವರ ಕೈಯಲ್ಲಿ ಮೈಸೂರಿನ ಭವಿಷ್ಯ! ರಾಣಿ ಲಕ್ಷ್ಮಮ್ಮಣ್ಣಿ ವರ್ಷಗಟ್ಟಲೆ ಹೋರಾಡಿದ್ದರು, ನಿಜ. ಆದರೆ ಜೂನ್ 30ರಂದು, ಐದು ವರ್ಷ ತುಂಬದ ಆ ಹುಡುಗ ಸಿಂಹಾಸನ ಏರಿದ್ದು ಕಂಪನಿಯ ಷರತ್ತುಗಳ ಮೇಲೆ.

ಹಾಗಂತ ವೆಲ್ಲೆಸ್ಲಿ ಬರೀ ಅಣ್ಣನ ನೆರಳಲ್ಲಿ ಬೆಳೆದವನಲ್ಲ. 1800ರಲ್ಲಿ ಚನ್ನಗಿರಿ ಕಡೆಯ ಧೋಂಡಿಯಾ ವಾಘ್‌ನ ಬೆನ್ನತ್ತಿದ. ದಂಡು ಓಡಬೇಕಾದರೆ ಅಕ್ಕಿ ಬೇಕು, ಎತ್ತು ಬೇಕು ಅಂತ ಕಲಿತಿದ್ದು ಇಲ್ಲೇ. ನಮ್ಮ ಅಮೃತಮಹಲ್ ಎತ್ತುಗಳು ಅವನಿಗೆ ಅಚ್ಚುಮೆಚ್ಚು. ಧೋಂಡಿಯಾ ಸತ್ತಮೇಲೆ ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನ ತಾನೇ ಸಾಕಿದ, ಊರಿಗೆ ಹೊರಡುವಾಗ ಅವನ ಖರ್ಚಿಗೆ ದುಡ್ಡಿಟ್ಟು ಹೋದ. ಆದರೆ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗೋ ವಯನಾಡಿನಲ್ಲಿ ಪಳಸ್ಸಿ ರಾಜ ಮಾತ್ರ ಅವನ ಕೈಗೆ ಸಿಗಲೇ ಇಲ್ಲ.

1815ರಲ್ಲಿ ವಾಟರ್‌ಲೂ. 1828ರಲ್ಲಿ ಪ್ರಧಾನಿ. ಮರುವರ್ಷ, ಸ್ವಂತ ಪಕ್ಷದವರೇ ಮುನಿಸಿಕೊಂಡರೂ, ಕ್ಯಾಥೊಲಿಕರು ಪಾರ್ಲಿಮೆಂಟಿಗೆ ಬರೋ ಹಕ್ಕಿನ ಕಾನೂನು ತಂದ. ಆದರೆ ಚುನಾವಣಾ ಸುಧಾರಣೆ ಬೇಡವೇ ಬೇಡ ಅಂದ. ಅಲ್ಲಿಗೆ ಮುಗೀತು, 1830ರಲ್ಲಿ ಸರ್ಕಾರ ಬಿತ್ತು. ಜನ ಅವನ ಮನೆ ಕಿಟಕಿಗೆ ಕಲ್ಲು ಹೊಡೆದರು.

ಮುಂದಿನ ವರ್ಷವೇ, 1831ರಲ್ಲಿ, ಇಲ್ಲಿ ಕಂಪನಿ ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡಿತು. ಕೊಟ್ಟವರೇ ಕಿತ್ಕೊಂಡರು. ಅಪ್ಪನಿಗೋಸ್ಕರ ಇಟ್ಟ ಹೆಸರೊಂದನ್ನ ಮಾತ್ರ ಯಾರೂ ಕಿತ್ಕೊಳ್ಳಲಿಲ್ಲ. ಮುಂದಿನ ಸಲ ಚಾಮರಾಜನಗರದ ಬೋರ್ಡ್ ಕಂಡಾಗ ಇದನ್ನ ನೆನಪಿಸಿಕೊಳ್ಳಿ. ಮತ್ತೆ ಸಿಗೋಣ.