ಶೇಂಗಾದ ವಿಷ ಪರೀಕ್ಷೆ: ಹೀರಿಹೋದ ಬೆಳಕಿನ ಲೆಕ್ಕ

(ದೇವರ ಹಿಪ್ಪರಗಿ ಭಾಗದ ರೈತರಿಗೆ ನೀಡಿದ ಉಪನ್ಯಾಸ)



ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಅಥವಾ ಕಿತ್ತ ಬಳ್ಳಿ ಮಳೆಗೆ ಸಿಕ್ಕರೆ ಕಾಳಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ತಗಲುತ್ತದೆ. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಇವೆರಡೂ ಅಪರೂಪವಲ್ಲ. ಈ ಬೂಷ್ಟು ಉಂಟುಮಾಡುವ ವಿಷವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತ ಮೇಲೆ ಇದರ ಅರಿವಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತ ರಾಜ್ಯಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ಉಂಡು ಸುಮಾರು ನೂರು ಜನ ಯಕೃತ್ತಿನ ರೋಗದಿಂದ ತೀರಿಕೊಂಡರು. ಹಿಂಡಿಯಲ್ಲಿರುವ ವಿಷದ ಒಂದಂಶ ಎಮ್ಮೆ, ಆಕಳುಗಳ ಹಾಲಿಗೂ ಇಳಿಯುತ್ತದೆ.

ಸಂಸ್ಕರಣೆಗೆ ಹೋಗುವ ಶೇಂಗಾದಲ್ಲಿ ಕಿಲೋಗ್ರಾಂಗೆ 15 ಮೈಕ್ರೋಗ್ರಾಂ ಮೀರಿ ಈ ವಿಷ ಇರಕೂಡದು. ಅಂದರೆ ಒಂದು ಕ್ವಿಂಟಲಿಗೆ ಒಂದೂವರೆ ಮಿಲಿಗ್ರಾಂ ಮಾತ್ರ. ಇಷ್ಟು ಅಲ್ಪ ಪ್ರಮಾಣವನ್ನು ಅಳೆಯುವುದು ಹೇಗೆ?

ಅಳೆಯುವ ಬಗೆ

ಕಣ್ಣಿಗೆ ಕಾಣದ ನೀಲಾತೀತ ಕಿರಣ ಬಿದ್ದರೆ ಅಫ್ಲಾಟಾಕ್ಸಿನ್ ತಾನೇ ನೀಲಿ ಇಲ್ಲವೆ ಹಸಿರು ಬೆಳಕು ಸೂಸುತ್ತದೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಕಾಳನ್ನು ಅರೆದು, ಮೆಥನಾಲ್ ಬೆರೆಸಿದ ನೀರಿನಲ್ಲಿ ವಿಷವನ್ನು ಬಿಡಿಸಿ, ಸೋಸಿದ ರಸವನ್ನು ಯಂತ್ರದಲ್ಲಿಟ್ಟು ಈ ಬೆಳಕನ್ನು ಅಳೆಯಬಹುದು. ಬೆಳಕು ಹೆಚ್ಚಿದ್ದರೆ ವಿಷ ಹೆಚ್ಚು, ಕಡಿಮೆ ಇದ್ದರೆ ಕಡಿಮೆ ಎಂಬುದು ಲೆಕ್ಕ.

ಬೆಳಕು ಎಲ್ಲಿ ಹೋಗುತ್ತದೆ?

ಡೋಣಿ ಹೊಳೆಯ ಕದಡಿದ ನೀರಿನಲ್ಲಿ ಬ್ಯಾಟರಿ ಮುಳುಗಿಸಿದರೆ ಬೆಳಕು ಮಂಕಾಗಿ ಕಾಣುತ್ತದೆ. ಬ್ಯಾಟರಿಯ ಶಕ್ತಿ ಕುಂದಿಲ್ಲ, ನಡುವಿನ ರಾಡಿ ಬೆಳಕನ್ನು ತಡೆದಿದೆ. ಶೇಂಗಾ ಸಿಪ್ಪೆ ಮತ್ತು ಹಿಂಡಿಯ ಕಂದು-ಹಳದಿ ಬಣ್ಣ ರಸದಲ್ಲಿ ಉಳಿದಾಗಲೂ ಇದೇ ಆಗುತ್ತದೆ. ಒಳಗೆ ಹೋಗುವ ನೀಲಾತೀತ ಕಿರಣವನ್ನೂ ಹೊರಬರುವ ನೀಲಿ ಬೆಳಕನ್ನೂ ಆ ಬಣ್ಣ ಹೀರುತ್ತದೆ. ಯಂತ್ರ ಕಡಿಮೆ ಅಂಕಿ ತೋರಿಸುತ್ತದೆ. ವಿಷದ ಮಾಲು ಒಳ್ಳೆಯ ಮಾಲೆಂದು ಪಾಸಾಗುತ್ತದೆ.

ತಿದ್ದುವ ಕ್ರಮ

ಮೊದಲನೆಯದಾಗಿ, ವಿಷವನ್ನು ಮಾತ್ರ ಹಿಡಿದಿಟ್ಟು ಬಣ್ಣವನ್ನು ಬಿಟ್ಟುಬಿಡುವ ಶುದ್ಧೀಕರಣ ನಳಿಗೆಯ ಮೂಲಕ ರಸವನ್ನು ಹಾಯಿಸಬೇಕು. ಇದೇ ಉತ್ತಮ.

ಎರಡನೆಯದಾಗಿ, ರಸವನ್ನು ಇಮ್ಮಡಿ ತೆಳುಮಾಡಿ ಮತ್ತೆ ಅಳೆಯಬೇಕು. ಮೊದಲು 10 ಬಂದಿದ್ದರೆ ಈಗ 5 ಬರಬೇಕು. 6ಕ್ಕಿಂತ ಹೆಚ್ಚು ಬಂದರೆ ಬಣ್ಣ ಬೆಳಕನ್ನು ಹೀರುತ್ತಿದೆ ಎಂಬ ಶಂಕೆ ಬಲವಾಗುತ್ತದೆ.

ಮೂರನೆಯದಾಗಿ, ಹೀರಿಕೆಯನ್ನೇ ಅಳೆದು ಲೆಕ್ಕ ಹಾಕಬಹುದು. ಒಳಹೋಗುವ ಬೆಳಕಿನ ಹೀರಿಕೆ 0.3, ಹೊರಬರುವ ಬೆಳಕಿನದು 0.1 ಎಂದಿರಲಿ. ಇವುಗಳ ಮೊತ್ತ 0.4, ಅದರ ಅರ್ಧ 0.2. ಹತ್ತರ 0.2 ಘಾತವೆಂದರೆ ಸುಮಾರು 1.58. ಯಂತ್ರ ತೋರಿಸಿದ 10 ಮೈಕ್ರೋಗ್ರಾಂ ಅನ್ನು ಇದರಿಂದ ಗುಣಿಸಿದರೆ ಸುಮಾರು 16. ಮಿತಿಯೊಳಗಿದೆ ಎಂದುಕೊಂಡ ಮಾಲು ಮಿತಿ ದಾಟಿತು! ಬೆಳಕು ಚೌಕ ನಳಿಗೆಯ ನಡುವಿನಿಂದ ಅಡ್ಡಲಾಗಿ ಹೊರಬರುವ ಯಂತ್ರಗಳಿಗೆ ಈ ಸೂತ್ರ ಸಲ್ಲುತ್ತದೆ. ಬಣ್ಣ ತೀರ ಗಾಢವಾಗಿದ್ದರೆ ಸೂತ್ರವನ್ನು ನಂಬದೆ ರಸವನ್ನು ತೆಳುಮಾಡುವುದೇ ಸರಿ.

ಇದರ ತಾಳೆ ನೋಡಲು ಅದೇ ರಸಕ್ಕೆ ಗೊತ್ತಿರುವಷ್ಟು ಅಫ್ಲಾಟಾಕ್ಸಿನ್ ಸೇರಿಸಬೇಕು. 10ರಷ್ಟು ಸೇರಿಸಿದಾಗ ಅಂಕಿ 6.3 ಮಾತ್ರ ಏರಿದರೆ ಉಳಿದ ಬೆಳಕು ಹೀರಿಹೋಗಿದೆ ಎಂದು ತಿಳಿಯಬೇಕು.

ಇನ್ನೊಂದು ಎಚ್ಚರಿಕೆ. ರಸದಲ್ಲಿರುವ ಬೇರೆ ವಸ್ತುಗಳೂ ಬೆಳಕು ಸೂಸಿ ಅಂಕಿಯನ್ನು ಹೆಚ್ಚಿಸಬಹುದು. ಆಗ ಒಳ್ಳೆಯ ಮಾಲು ತಿರಸ್ಕೃತವಾಗುತ್ತದೆ. ಈ ತಪ್ಪನ್ನು ಮೇಲಿನ ಸೂತ್ರ ತಿದ್ದಲಾರದು, ಶುದ್ಧೀಕರಣವೇ ತಿದ್ದಬೇಕು.

ರೈತರು ಕೇಳಬೇಕಾದದ್ದು

ವರದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿರಿ: ರಸವನ್ನು ಶುದ್ಧಗೊಳಿಸಿದ್ದರೇ? ತೆಳುಮಾಡಿ ಮತ್ತೆ ಅಳೆದರೇ? ಗೊತ್ತಿರುವ ಪ್ರಮಾಣ ಸೇರಿಸಿ ತಾಳೆ ನೋಡಿದರೇ? ವಿಸ್ತರಣಾ ಕಾರ್ಯಕರ್ತರು ಈ ಉತ್ತರಗಳನ್ನು ವರದಿಯ ಜೊತೆಗೇ ಬರೆಸಿಕೊಳ್ಳುವುದು ಒಳ್ಳೆಯದು.

ನಮೂನೆಯನ್ನು ಒಂದೇ ಚೀಲದಿಂದ ಹಿಡಿ ತುಂಬ ತೆಗೆಯಬೇಡಿರಿ. ವಿಷ ಎಲ್ಲ ಕಾಳುಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು, ಬೆರೆಸಿ ಕಳಿಸಿರಿ. ನಮೂನೆಯೇ ತಪ್ಪಿದ್ದರೆ ಯಾವ ತಿದ್ದುಪಡಿಯೂ ಉಪಯೋಗಕ್ಕೆ ಬಾರದು.

ಅಳತೆ ಎಷ್ಟೇ ಸರಿಯಾಗಿದ್ದರೂ ಅದು ವಿಷವನ್ನು ತೆಗೆಯಲಾರದು. ಸಕಾಲದಲ್ಲಿ ಕಿತ್ತು, ಕಾಯಿಯನ್ನು ಬೇಗ ಚೆನ್ನಾಗಿ ಒಣಗಿಸಿ, ಒಡೆದ ಮತ್ತು ಬೂಷ್ಟು ಹಿಡಿದ ಕಾಳನ್ನು ಬೇರ್ಪಡಿಸುವುದೇ ಮೊದಲ ರಕ್ಷಣೆ. ಬೇರ್ಪಡಿಸಿದ ಕಾಳನ್ನು ದನಕ್ಕೂ ಹಾಕಬಾರದು, ಗಾಣಕ್ಕೂ ಕಳಿಸಬಾರದು.